ಅವರು ನಿಲ್ಲಿಸಿದ ಜಾಗ

ನನ್ನ ಮನೆಯವರು ತೀರಿಕೊಂಡ ಮೇಲೆ ಆಸ್ಪತ್ರೆಯವರು ಅವರ ಸಾಮಾನುಗಳನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಟ್ಟರು. ಟವೆಲ್ಲು, ಸ್ಟೀಲ್ ಲೋಟ, ಬಾಚಣಿಗೆ, ಕಂಪನಿಯ ಐಡಿ ಕಾರ್ಡು, ಮತ್ತು ಹಾಡಿನ ಡಬ್ಬಿ. ಡಬ್ಬಿ ಎಂದು ಕರೆಯುತ್ತಿದ್ದವರು ಅವರೇ. ಅಂಗಡಿಯವನು ಎಂಪಿತ್ರೀ ಪ್ಲೇಯರ್ ಎಂದು ಹೇಳಿ ಕೊಟ್ಟಿದ್ದ. ಬೆಂಕಿಪೊಟ್ಟಣಕ್ಕಿಂತ ತುಸು ಉದ್ದ, ಮುಂದೆ ನೀಲಿ ಬೆಳಕಿನ ಚಿಕ್ಕ ಪರದೆ, ಪಕ್ಕದಲ್ಲಿ ಗುಂಡಿಗಳು. ಇಯರ್‌ಫೋನಿನ ವೈರನ್ನು ಅವರು ಯಾವಾಗಲೂ ಸುತ್ತುವಂತೆ ಅದರ ಸುತ್ತ ನೀಟಾಗಿ ಸುತ್ತಿಟ್ಟಿದ್ದರು.

ಡಬ್ಬಿಯಲ್ಲಿ ಹಾಡು ಇರಲಿಲ್ಲ. ಒಂದು ದಪ್ಪ ಕಾದಂಬರಿ ಇತ್ತು, ಮೊದಲಿನಿಂದ ಕೊನೆಯ ತನಕ ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿದ್ದು. ಆ ಕಾದಂಬರಿಯನ್ನು ನಾವಿಬ್ಬರೂ ಅರ್ಧರ್ಧ ಕೇಳಿದ್ದೆವು. ಇನ್ನರ್ಧವನ್ನು ಒಬ್ಬರಿಗೊಬ್ಬರು ಬಾಯಲ್ಲಿ ಹೇಳಿದ್ದೆವು. ಅವರು ಆಸ್ಪತ್ರೆಯಲ್ಲಿ ಕೇಳಿದ ಭಾಗವನ್ನು ಮಾತ್ರ ನನಗೆ ಹೇಳಿರಲಿಲ್ಲ.

ನಾವು ಗದಗಿನ ಕಡೆಯವರು. ಹೆಬ್ಬಗೋಡಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದೆವು. ಓನರ್ ಮನೆಯವರು ಅಲ್ಲಿಯ ಮೂಲದವರು. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಸಾಲಾಗಿ ಕೋಣೆಗಳನ್ನು ಕಟ್ಟಿಸಿದ್ದರು. ಅವರ ಸೊಸೆ ಸ್ಕೂಲ್ ಟೀಚರ್. ನಾನು ಮೇಡಂ ಎನ್ನುತ್ತಿದ್ದೆ. ಕಣ್ಣು ಕಾಣದ ಮಕ್ಕಳಿಗಾಗಿ ಅವರು ಬಿಡುವಿದ್ದಾಗ ಪುಸ್ತಕ ಓದಿ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿ ಕೊಡುತ್ತಿದ್ದರು.

ಆ ವರ್ಷ ನನಗೆ ಐದು ತಿಂಗಳ ಬಸಿರು ನಿಲ್ಲದೆ ಹೋಗಿತ್ತು. ನಾನು ಕೆಲಸಕ್ಕೆ ಹೋಗುತ್ತಿದ್ದೆ, ಅಡುಗೆ ಮಾಡುತ್ತಿದ್ದೆ, ಮಾತಾಡುತ್ತಿರಲಿಲ್ಲ. ನನ್ನ ಮನೆಯವರು ಒಂದು ಭಾನುವಾರ ಮಹಡಿಯ ಮೇಲಿನ ಓನರ್ ಮನೆಗೆ ಹೋಗಿ ಮೇಡಂ ಹತ್ತಿರ ಕೇಳಿದರಂತೆ, ನಿಮ್ಮ ಓದಿನದು ಏನಾದರೂ ಇದ್ದರೆ ನಮಗೂ ಹಾಕಿ ಕೊಡಿ ಎಂದು. ಮೇಡಂ ಡಬ್ಬಿಗೆ ಕಾದಂಬರಿ ತುಂಬಿ ಕೊಟ್ಟರು.

"ಕೇಳಿ ನೋಡಿ. ಎಲ್ಲಾದ್ರೂ ತಪ್ಪು ಓದಿದ್ರೆ ಹೇಳಿ. ಬೋರ್ ಆದ್ರೆ ಅದನ್ನೂ ಹೇಳಿ, ನಂಗೇನ್ ಬೇಜಾರಿಲ್ಲ," ಎಂದರು.

ಅದು ಹೊಳೆಯ ದಂಡೆಯ ಒಬ್ಬ ಕುಂಬಾರ ಹೆಂಗಸಿನ ಕಥೆ. ಅವಳಿಗೊಬ್ಬಳು ಮಗಳು. ಮೇಡಂ ಧ್ವನಿ ನಿಧಾನ, ಸ್ಪಷ್ಟ. ನಡುನಡುವೆ ಅವರ ಮನೆಯ ಕುಕ್ಕರು ಕೂಗುತ್ತಿತ್ತು. ಒಮ್ಮೆ ಕುಂಬಾರತಿ ಅಳುತ್ತಿರುವಾಗ ಹಿಂದಿನಿಂದ ಸೊಪ್ಪು ಮಾರುವವಳು ದಂಟು, ಮೆಂತ್ಯ ಎಂದು ಕೂಗಿಕೊಂಡು ಹೋದಳು.

ಮೊದಲ ವಾರ ನಾವು ಪೆದ್ದರಾದೆವು. ಮೊದಲನೇ ಅಧ್ಯಾಯದಲ್ಲಿ ಮಗಳು ಹುಟ್ಟಿದಳು. ಮುಂದಿನದರಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು ಸಂತೆಗೆ ಹೊರಟಿದ್ದಳು.

"ಇದೇನ್ರಿ, ಇಷ್ಟ ಲಗೂನ ದೊಡ್ಡಾಕಿ ಆದ್ಲು?" ಎಂದೆ.

"ದೊಡ್ಡ ಬರಹಗಾರರು ಹಂಗ ಬರೀತಾರ. ಎಲ್ಲಾ ಬಿಡಿಸಿ ಹೇಳಂಗಿಲ್ಲ. ನಾವ ತಿಳ್ಕೋಬೇಕು," ಎಂದರು.

ಹಾಗೇ ತಿಳಿದುಕೊಂಡು ಮುಂದೆ ಕೇಳಿದೆವು. ಒಂದು ದಿನ ನೀರಿನ ಮೋಟರ್ ಹತ್ತಿರ ಮೇಡಂ ಸಿಕ್ಕಿ, ಹೊಳೆ ಬಂದು ಮನೆ ಹೋಗೋದು ಕೇಳಿದ್ರಾ ಎಂದರು. ಯಾವ ಹೊಳೆ ಮೇಡಂ ಎಂದು ನನ್ನ ಮನೆಯವರು ಕೇಳಿದರು. ಮೇಡಂ ಡಬ್ಬಿ ಇಸಿದುಕೊಂಡು ನೋಡಿ ನಕ್ಕೇಬಿಟ್ಟರು. "ಅಯ್ಯೋ ಕರ್ಮವೇ! ಇದಕ್ಕೆ ಎಣಿಕೆ ಬರಲ್ಲ ಕಣ್ರೀ. ಒಂದಾದ್ಮೇಲೆ ಹತ್ತು, ಹನ್ನೊಂದು ಅಂತ ಹಾಕ್ಕೊಂಡು ಹೋಗ್ತಿದೆ. ಎರಡು ಬರೋದೇ ಹತ್ತೊಂಬತ್ತು ಆದ್ಮೇಲೆ." ಒಂದರಿಂದ ಒಂಬತ್ತರ ತನಕ ಪ್ರತಿಯೊಂದರ ಎಡಗಡೆ ಒಂದು ಸೊನ್ನೆ ಸೇರಿಸಿ ಸರಿಮಾಡಿ ಕೊಟ್ಟರು. ನಾನು ಎಷ್ಟೋ ತಿಂಗಳ ಮೇಲೆ ಅವತ್ತು ನಕ್ಕೆ. ದೊಡ್ಡ ಬರಹಗಾರರು ಎಂದು ಆಮೇಲೆ ಬಹಳ ದಿನ ಅವರನ್ನು ಕಾಡಿಸಿದೆ.

ನಾವಿಬ್ಬರೂ ಎಲೆಕ್ಟ್ರಾನಿಕ್ ಸಿಟಿಯ ಒಂದೇ ಆಫೀಸಿನ ಕಟ್ಟಡದಲ್ಲಿ ಕೆಲಸ ಮಾಡುತ್ತಿದ್ದೆವು. ನಾನು ಹೌಸ್‌ಕೀಪಿಂಗ್, ಬೆಳಗಿನ ಶಿಫ್ಟು. ಅವರು ನೆಲಮಾಳಿಗೆಯಲ್ಲಿ, ಕೊಳಚೆ ನೀರು ತಿಳಿಮಾಡುವ ಪ್ಲಾಂಟಿನಲ್ಲಿ, ಮಧ್ಯಾಹ್ನದ ಶಿಫ್ಟು. ನಾನು ಹೊರಗೆ ಬರುವ ಹೊತ್ತಿಗೆ ಅವರು ಒಳಗೆ ಹೋಗಬೇಕು. ಡಬ್ಬಿ ಒಂದೇ. ಬೆಳಿಗ್ಗೆ ನನ್ನ ಹತ್ತಿರ, ಮಧ್ಯಾಹ್ನದ ಮೇಲೆ ಅವರ ಹತ್ತಿರ. ನಾನು ತಲೆಗೆ ಕಟ್ಟುವ ಸ್ಕಾರ್ಫಿನ ಒಳಗೆ ವೈರು ಮುಚ್ಚಿಕೊಂಡು ಒಂದೇ ಕಿವಿಗೆ ಹಾಕಿಕೊಳ್ಳುತ್ತಿದ್ದೆ. ಇನ್ನೊಂದು ಕಿವಿ ಸೂಪರ್‌ವೈಸರ್ ಕರೆದರೆ ಓ ಎನ್ನುವುದಕ್ಕೆ.

ಡಬ್ಬಿ ಒಂದೇ ಒಂದು ಜಾಗವನ್ನು ನೆನಪಿಟ್ಟುಕೊಳ್ಳುತ್ತಿತ್ತು. ಕೊನೆಗೆ ಯಾರು ಎಲ್ಲಿ ನಿಲ್ಲಿಸಿದರೋ ಅಲ್ಲಿಂದಲೇ ಮತ್ತೆ ಶುರು. ಅದೂ ಗುಂಡಿ ಒತ್ತಿ ಹಿಡಿದು ಸರಿಯಾಗಿ ಆಫ್ ಮಾಡಿದರೆ ಮಾತ್ರ. ನಡುವೆ ಚಾರ್ಜ್ ಮುಗಿದು ತಾನೇ ನಿಂತರೆ ಎಲ್ಲ ಮರೆತು ಮೊದಲನೇ ಅಧ್ಯಾಯಕ್ಕೆ ಹೋಗಿಬಿಡುತ್ತಿತ್ತು. ನಾನು ಕೇಳಿದ ಮೇಲೆ ಹಿಂದಕ್ಕೆ ತಿರುಗಿಸಿ ಅವರ ಜಾಗ ಹುಡುಕುವುದು, ಅವರು ಕೇಳಿದ ಮೇಲೆ ನನ್ನ ಜಾಗ ಹುಡುಕುವುದು ಎರಡು ದಿನ ಮಾಡಿ ನೋಡಿದೆವು. ಗುಂಡಿ ಒತ್ತಿ ಒತ್ತಿ ಸಾಕಾಯಿತು. ಅವರೇ ಹೇಳಿದರು, "ಹಿಂದ ಹೋಗೂದ ಬ್ಯಾಡ. ನೀ ಕೇಳಿದ್ದು ನನಗ ಹೇಳು, ನಾ ಕೇಳಿದ್ದು ನಿನಗ ಹೇಳ್ತೀನಿ. ಕಥಿ ಮುಂದ ಹೋಗ್ಲಿ."

ರಾತ್ರಿ ಅವರು ಬರುವ ಹೊತ್ತಿಗೆ ನಾನು ನಿದ್ದೆ ಹೋಗಿರುತ್ತಿದ್ದೆ. ಹೀಗಾಗಿ ಬೆಳಿಗ್ಗೆ ನಾನು ಕೇಳಲು ಶುರು ಮಾಡಿದಾಗ ನಡುವೆ ಏನಾಗಿದೆ ಎಂದು ನನಗೆ ತಿಳಿದಿರುತ್ತಿರಲಿಲ್ಲ. ಯಾರೋ ಯಾರ ಮೇಲೋ ಸಿಟ್ಟಾಗಿರುತ್ತಿದ್ದರು, ಯಾಕೆಂದು ಗೊತ್ತಿಲ್ಲ. ಮಧ್ಯಾಹ್ನ ಗೇಟಿನ ಪಕ್ಕದ ಟೀ ಅಂಗಡಿಯಲ್ಲಿ ಗೊತ್ತಾಗುತ್ತಿತ್ತು. ಅವರು ಶಿಫ್ಟಿಗೆ ಸ್ವಲ್ಪ ಮುಂಚೆಯೇ ಬಂದು ನಿಂತಿರುತ್ತಿದ್ದರು. ಒಂದು ಟೀ ಕುಡಿಯುವಷ್ಟು ಹೊತ್ತಿನಲ್ಲಿ ಅವರದು ಅವರು, ನನ್ನದು ನಾನು ಹೇಳಿ ಮುಗಿಸಬೇಕು. ಟೀ ಅಂಗಡಿಯವರು ಹೆಬ್ಬಗೋಡಿಯವರೇ. ಕೇಳುತ್ತಾ ಕೇಳುತ್ತಾ ಅವರೂ ಕಥೆಯೊಳಗೆ ಬಂದುಬಿಟ್ಟರು.

"ಏನಕ್ಕಾ, ಇವತ್ತೇನ್ ಮಾಡಿದ್ಲು ನಿಮ್ ಕುಂಬಾರ್ತಿ?"

ನಾನು ಹೇಳಿದರೆ ಅವರಿಗೆ ರುಚಿಸುತ್ತಿರಲಿಲ್ಲ. "ನೀವ್ ಹೇಳೋದು ರೇಡಿಯೋ ವಾರ್ತೆ ಇದ್ದಂಗಿರುತ್ತೆ ಬಿಡಕ್ಕ. ಬಂದ್ಲು, ಹೋದ್ಲು, ಮುಗೀತು. ಅಣ್ಣ ಹೇಳ್ಬೇಕು."

"ಅಣ್ಣ ಹೇಳಿದ್ರ ಕುಂಬಾರತಿ ಸಂತ್ಯಾಗ ಕೊಂಡ ಬದನಿಕಾಯಿನೂ ಬರ್ತಾವ," ಎಂದೆ.

"ಬದನಿಕಾಯಿ ಇಲ್ದ ಸಂತಿ ಎಂಥಾದ್ದು?" ಎಂದರು ನನ್ನ ಮನೆಯವರು. ನಿಜವಾಗಿಯೂ ಅವರು ಹೇಳುವಾಗ ಬದನೆಕಾಯಿಯ ಬಣ್ಣ ಕಾಣುತ್ತಿತ್ತು.

ಒಂದು ದಿನ ನನ್ನ ಪಾಲು ಕೆಟ್ಟ ಜಾಗದಲ್ಲಿ ನಿಂತಿತು. ಮಗಳು ಮಡಕೆಯ ಮಣ್ಣು ತರಲು ಹೊಳೆ ದಂಡೆಗೆ ಹೋಗಿದ್ದಳು. ದಂಡೆ ಕುಸಿಯಿತು. ಜನ ಓಡಿದರು. ಅಷ್ಟಕ್ಕೆ ನನ್ನ ಶಿಫ್ಟು ಮುಗಿಯಿತು. ಡಬ್ಬಿ ಕೊಡುವಾಗ ನಾನು, "ಆ ಹುಡುಗಿಗೆ ಏನರ ಆದ್ರ ನಾ ಮುಂದ ಕೇಳಂಗಿಲ್ಲ. ನೀವೊಬ್ರ ಕೇಳ್ರಿ," ಎಂದೆ. ಸುಮ್ಮನೆ ಹೇಳಿದ್ದಲ್ಲ. ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಒಳಗೆ ಹೋದರು.

ಮರುದಿನ ಬೆಳಿಗ್ಗೆ ಆನ್ ಮಾಡಿದರೆ ಕಥೆ ಬಹಳ ಮುಂದೆ ಹೋಗಿತ್ತು. ಕುಂಬಾರತಿ ಮಡಕೆ ಸುಡುವ ಆವಿಗೆಗೆ ಬೆಂಕಿ ಹಾಕುತ್ತಿದ್ದಳು. ಮಳೆಗಾಲ ಮುಗಿದಿತ್ತು. ಮಧ್ಯಾಹ್ನ ಟೀ ಅಂಗಡಿಯಲ್ಲಿ ಸಿಕ್ಕ ಕೂಡಲೇ ಕೇಳಿದೆ.

"ಸೊಂಟದ ತನಕ ಮಣ್ಣು ಬಿದ್ದಿತ್ತು," ಎಂದರು. "ನಾಕು ಮಂದಿ ಎಳದು ತಗದ್ರು. ಕಾಲು ಮುರದೈತಿ, ಅಷ್ಟ. ಸೋದರಮಾವ ಚಕ್ಕಡಿ ತಂದು ತನ್ನ ಊರಿಗೆ ಕರಕೊಂಡು ಹ್ವಾದ. ಅವನ ಊರಾಗ ಒಬ್ಬ ಮುದುಕ ಅದಾನಂತ, ಎಲುವು ಕೂಡಸ್ತಾನ. ಬಿದಿರ ಕಡ್ಡಿ ಇಟ್ಟು ಕಟ್ಯಾನ. ಹುಡುಗಿ ಅಳಲಿಲ್ಲಂತ, ಮುದುಕಗ ಬೈದ್ಲಂತ."

"ಬೈದ್ಲಾ? ಭಲೇ!" ಎಂದರು ಟೀ ಅಂಗಡಿಯವರು. "ನಾನ್ ನೆನ್ನೆಯಿಂದ ಎಲ್ಲಿ ಹೋಗ್ಬಿಡ್ತಾಳೋ ಅನ್ಕೊಂಡಿದ್ದೆ ಕಣಣ್ಣ."

"ನೀವು ಯಾಕ ಅಷ್ಟ ಮುಂದ ಕೇಳಿದ್ರಿ? ನನ್ನ ಪಾಲೂ ತಿಂದ್ರಿ," ಎಂದು ನಾನು ಜಗಳ ತೆಗೆದೆ.

"ನಿದ್ದಿ ಬರಲಿಲ್ಲ. ಮನಿಗೆ ಬಂದ ಮ್ಯಾಲೂ ಕೇಳ್ಕೋತ ಮಲಗಿದ್ದೆ," ಎಂದರು.

ಆ ಮೇಲೆ ಕಥೆಯಲ್ಲಿ ಆ ಹುಡುಗಿ ಬರಲಿಲ್ಲ. ಒಮ್ಮೆ ಕುಂಬಾರತಿ ಮರೆತು ಎರಡು ತಾಟು ಇಟ್ಟು, ಒಂದನ್ನು ಎತ್ತಿಟ್ಟಳು. ಮಾವನ ಮನೆಯಿಂದ ಇನ್ನೂ ಬಂದಿಲ್ಲವಲ್ಲ, ಪಾಪ, ಎಂದುಕೊಂಡೆ. ಈ ಮಾವ ಎಂಥವನು, ಎಷ್ಟು ದಿನ ಇಟ್ಟುಕೊಳ್ಳುತ್ತಾನೆ ಎಂದು ಕೇಳಿದೆ. ಅಲ್ಲಿ ಎಮ್ಮೆಗಳಿವೆ, ಹಾಲು ಕುಡಿದು ಗಟ್ಟಿಯಾಗಲಿ ಬಿಡು ಎಂದರು.

ಕಾದಂಬರಿ ಮುಗಿಯಲು ಸ್ವಲ್ಪವೇ ಉಳಿದಿದ್ದಾಗ ಅವರಿಗೆ ಜ್ವರ ಬಂತು. ಡೆಂಗ್ಯೂ ಎಂದು ಗೊತ್ತಾಗಿ ಆಸ್ಪತ್ರೆಗೆ ಸೇರಿಸಿದೆವು. ಡಬ್ಬಿ ಅವರ ಹತ್ತಿರವೇ ಇರಲಿ ಎಂದು ಬಿಟ್ಟೆ. ಸಂಜೆ ನೋಡಲು ಬಿಡುತ್ತಿದ್ದರು. ಮುಖ ಇಳಿದಿತ್ತು, ಆದರೆ ಮಾತು ಅದೇ.

"ಬಾಳ ಕೇಳೇನಿ. ಹೇಳೂದು ಬಾಳ ಐತಿ," ಎಂದರು.

"ಸ್ವಲ್ಪ ಹೇಳ್ರಿ ಮತ್ತ."

"ಈಗ ಬ್ಯಾಡ. ಅರ್ಧಕ್ಕ ಸಿಸ್ಟರ್ ಬಂದು ನಿನ್ನ ಹೊರಗ ಹಾಕ್ತಾರ, ಕಥಿ ಕೆಡ್ತದ. ಮನಿಗೆ ಬಂದು ಹೇಳ್ತೀನಿ."

ಮರುದಿನವೂ ಅದನ್ನೇ ಹೇಳಿದರು. ಅದರ ಮರುದಿನ ಅವರನ್ನು ಐಸಿಯುಗೆ ಒಯ್ದಿದ್ದರು. ಗಾಜಿನಿಂದ ನೋಡಿದೆ. ಅಲ್ಲಿಂದ ಅವರು ಹೊರಗೆ ಬರಲಿಲ್ಲ.

ಊರಿಗೆ ಒಯ್ದು ಮಣ್ಣು ಮಾಡಿದೆವು. ಕರ್ಮದ ದಿನಗಳೆಲ್ಲ ಮುಗಿದ ಮೇಲೆ ನಾನು ಮತ್ತೆ ಹೆಬ್ಬಗೋಡಿಗೆ ಬಂದೆ. ಊರಲ್ಲೇ ಇರು ಎಂದವರಿದ್ದರು. ಅಲ್ಲಿ ಇದ್ದು ಏನು ಮಾಡಲಿ? ಇಲ್ಲಿಯಾದರೆ ಒರೆಸಲು ಮೆಟ್ಟಿಲುಗಳಿದ್ದವು.

ಕವರಿನಿಂದ ಡಬ್ಬಿ ತೆಗೆದು ಒಂದು ವಿಷಯ ಯೋಚಿಸಿದೆ. ಆಮೇಲೆ ಬೇರೇನನ್ನೂ ಯೋಚಿಸಲು ಆಗಲಿಲ್ಲ. ಅವರು ನಿಲ್ಲಿಸಿದ ಜಾಗ ಅದರೊಳಗಿದೆ. ಅದರ ಹಿಂದೆ ಅವರು ಕೇಳಿ ನನಗೆ ಹೇಳದೆ ಉಳಿದದ್ದು ಇದೆ. ಅದನ್ನು ಕೇಳಬೇಕೆಂದರೆ ಹಿಂದಕ್ಕೆ ಹೋಗಬೇಕು. ಹಿಂದಕ್ಕೆ ಹೋದರೆ ಅವರ ಜಾಗ ಅಳಿಸಿ ನನ್ನ ಜಾಗ ಕೂರುತ್ತದೆ. ಮುಂದಕ್ಕೆ ಕೇಳಿದರೂ ಅಷ್ಟೇ. ಸುಮ್ಮನೆ ಇಟ್ಟರೆ ಚಾರ್ಜ್ ಇಳಿದು ಇಳಿದು ಪೂರ್ತಿ ಮುಗಿದಾಗ ಅದೂ ಮರೆತುಹೋಗುತ್ತದೋ ಏನೋ. ಹೀಗಾಗಿ ಆಗಾಗ ಚಾರ್ಜಿಗೆ ಹಾಕುತ್ತಿದ್ದೆ, ಗುಂಡಿ ಮುಟ್ಟುತ್ತಿರಲಿಲ್ಲ. ಬೇರೆಯವರು ಗಂಡನ ಫೋಟೋಗೆ ದೀಪ ಹಚ್ಚುತ್ತಾರೆ. ನಾನು ಚಾರ್ಜರ್ ಹಚ್ಚುತ್ತಿದ್ದೆ.

ಒಂದು ಸಂಜೆ ಮೇಡಂ ಸಾರು ತಂದುಕೊಟ್ಟರು. ಚಾರ್ಜರಿಗೆ ನೇತಾಡುತ್ತಿದ್ದ ಡಬ್ಬಿ ಕಂಡು, "ಕೇಳ್ತಿದ್ದೀರಾ? ಒಳ್ಳೇದಾಯ್ತು," ಎಂದರು. ಇಲ್ಲ ಮೇಡಂ ಎಂದು ನನ್ನ ಕಷ್ಟ ಹೇಳಿದೆ. ಹೇಳುವಾಗ ಹುಚ್ಚಿಯಂತೆ ಕಂಡೇನು ಎಂದು ನಾಚಿಕೆಯಾಯಿತು. ಅವರು ನಗಲಿಲ್ಲ. ಮಂಚದ ತುದಿಗೆ ಕೂತರು.

"ಅವರು ಏನ್ ಕೇಳಿದ್ರು ಅಂತ ನಾನೇ ಹೇಳ್ಬಹುದು. ಓದಿದ್ದು ನಾನೇ ಅಲ್ವಾ."

"ಬ್ಯಾಡ ಮೇಡಂ. ಅವರ ಹೇಳ್ತೀನಿ ಅಂದಿದ್ರು."

ಮೇಡಂ ನನ್ನ ಫೋನಿಗೆ ಕೈ ಚಾಚಿ, "ಹಾಗಾದ್ರೆ ಹೀಗೆ ಮಾಡೋಣ. ಈ ಡಬ್ಬಿನ ಮುಟ್ಟೋದೇ ಬೇಡ. ನಿಮ್ ಫೋನಿಗೆ ಇನ್ನೊಂದು ಕಾಪಿ ಹಾಕ್ಕೊಡ್ತೀನಿ. ಅದರಲ್ಲಿ ಎಲ್ಲಿಂದ ಬೇಕಾದ್ರೂ ಕೇಳ್ಕೊಳ್ಳಿ. ಅವರ ಜಾಗ ಅಲ್ಲೇ ಇರುತ್ತೆ," ಎಂದರು. ಇಷ್ಟು ಸುಲಭದ್ದು ನನಗೆ ಹೊಳೆದಿರಲಿಲ್ಲ. ಡಬ್ಬಿಯನ್ನು ಆನ್ ಮಾತ್ರ ಮಾಡಿ, ಪರದೆಯ ಮೇಲಿದ್ದ ಅಧ್ಯಾಯದ ನಂಬರು ನೋಡಿ ನನಗೆ ಹೇಳಿ, ಗುಂಡಿ ಒತ್ತಿ ಹಿಡಿದು ಆಫ್ ಮಾಡಿದರು. ಅವರು ಮಾಡುವಾಗ ನಾನು ಉಸಿರು ಹಿಡಿದಿದ್ದೆ.

ಫೋನಿನಲ್ಲಿ ನಾನು ನೇರ ಅವರು ಆಸ್ಪತ್ರೆಯಲ್ಲಿ ಕೇಳಿದ ಭಾಗಕ್ಕೆ ಹೋಗಬಹುದಿತ್ತು. ಹೋಗಲಿಲ್ಲ. ಮೊದಲಿನಿಂದ ಶುರು ಮಾಡಿದೆ. ಅವರ ಪಾಲಿನದೆಲ್ಲ ಅವರ ಕಿವಿಗೆ ಬಿದ್ದ ಹಾಗೆಯೇ ನನ್ನ ಕಿವಿಗೂ ಬೀಳಲಿ ಎಂಬ ಆಸೆ. ಸಂತೆಯ ಸುದ್ದಿ ಬರುವ ಅಧ್ಯಾಯ ಬಂತು. ಬದನೆಕಾಯಿ ಇರಲಿಲ್ಲ. ಕುಂಬಾರತಿ ಸಂತೆಗೆ ಹೋಗಿ ಬಂದಳು ಎಂದು ಒಂದೇ ಸಾಲು. ನನಗೆ ನಗು ಬಂತು, ಅಳುವೂ ಬಂತು. ಅಲ್ಲೊಂದು ಇಲ್ಲೊಂದು ಹೀಗೆ ಸಿಗುತ್ತಾ ಹೋದವು. ಅವರು ಹೇಳಿದ ಮುದಿ ನಾಯಿ ಇರಲಿಲ್ಲ. ಜಗಳಗಂಟಿ ಬಳೆಗಾರ ಇರಲಿಲ್ಲ.

ಆಮೇಲೆ ಹೊಳೆ ದಂಡೆಯ ಅಧ್ಯಾಯ. ಮೂರನೇ ಮಹಡಿಯ ಮೆಟ್ಟಿಲು ಒರೆಸುತ್ತಿದ್ದೆ. ದಂಡೆ ಕುಸಿಯಿತು, ಜನ ಓಡಿದರು. ನನ್ನ ಪಾಲು ಮುಗಿದು ಅವರ ಪಾಲು ಶುರುವಾಯಿತು. ಮಣ್ಣು ತೆಗೆಯಲು ಸಂಜೆಯಾಯಿತು. ಹುಡುಗಿ ಸತ್ತಿದ್ದಳು. ಬುಟ್ಟಿಯ ಹಿಡಿ ಇನ್ನೂ ಅವಳ ಕೈಯಲ್ಲೇ ಇತ್ತು. ಮೇಡಂ ಧ್ವನಿ ಅಲ್ಲಿ ಒಂದು ಸಲ ತಡವರಿಸಿ, ಅದೇ ಸಾಲನ್ನು ಮತ್ತೆ ಓದಿತು. ಮುಂದಿನ ಎರಡು ಅಧ್ಯಾಯವೂ ಆ ಸಾವಿನದೇ. ಆ ಎರಡನ್ನೂ ಅವರು ಕೇಳಿ ಮುಗಿಸಿ ನನ್ನನ್ನು ದಾಟಿಸಿದ್ದರು. ಸೋದರಮಾವ ಬಂದದ್ದು ನಿಜ. ಚಕ್ಕಡಿ ತಂದದ್ದು ನಿಜ. ಅದು ಕರೆದುಕೊಂಡು ಹೋಗುವುದಕ್ಕಲ್ಲ.

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಸೂಪರ್‌ವೈಸರ್ ಬಂದು ಏನಾಯ್ತು ಎಂದರು. ತಲೆ ಸುತ್ತಿತು ಎಂದೆ. ಮೊದಲು ನನಗೆ ಬಂದದ್ದು ಸಿಟ್ಟು. ಮನೆಗೆ ಹೋಗಿ ಇವರಿಗೆ ಬೈಯಬೇಕು ಎಂದುಕೊಂಡೆ. ಬಾಗಿಲಿನ ಬೀಗ ತೆಗೆಯುವ ತನಕವೂ ಆ ಸಿಟ್ಟು ಇತ್ತು.

ಮೇಡಂ ಹತ್ತಿರ ಹೋದೆ. "ನಿಮಗ ಗೊತ್ತಿತ್ತೇನ್ರಿ?" ಎಂದೆ.

ಅವರು ಕೈಯಲ್ಲಿದ್ದ ಬಟ್ಟೆಯನ್ನು ಮಡಚುತ್ತಲೇ ಇದ್ದರು. "ಒಂದಿನ ಬೆಳಿಗ್ಗೆ, ನೀವು ಕೆಲಸಕ್ಕೆ ಹೋದ್ಮೇಲೆ ಬಂದಿದ್ರು. ಹುಡುಗಿ ಸಾಯೋ ಅಧ್ಯಾಯಗಳನ್ನ ಡಬ್ಬಿಯಿಂದ ತೆಗೆದುಬಿಡಿ ಮೇಡಂ, ಆಕೆ ಹಿಂದಕ್ಕೆ ತಿರುಗಿಸಿದ್ರೂ ಸಿಗ್ಬಾರ್ದು ಅಂದ್ರು. ನಂಬರ್ ಹಾರಿದ್ರೆ ಅವರಿಗೆ ಗೊತ್ತಾಗಲ್ವಾ ಅಂದೆ. ಹಾಗಿದ್ರೆ ಅಲ್ಲಿ ನೀವು ಬೇರೆ ಏನಾದ್ರೂ ಓದಿ ಸೇರಿಸ್ತೀರಾ ಅಂದ್ರು. ನಾನು ನಕ್ಕುಬಿಟ್ಟೆ ಕಣ್ರೀ. ಕೊನೆಗೆ, ಆಕಿ ಬಂದು ಕೇಳಿದ್ರ ಹುಡುಗಿ ಮಾವನ ಮನ್ಯಾಗ ಅದಾಳ ಅಂತ ಹೇಳ್ರಿ ಅಂತ ಹೇಳ್ಕೊಟ್ಟು ಹೋದ್ರು."

ಅವರ ಮಾತನ್ನು ಮೇಡಂ ಅವರ ಹಾಗೆಯೇ ಹೇಳಿದರು. ನಮ್ಮ ಊರಿನ ಮಾತು ಆ ಮನೆಯಲ್ಲಿ ಕೇಳಿ ನನಗೆ ತಡೆಯಲಾಗಲಿಲ್ಲ.

ಉಳಿದದ್ದು ಆಸ್ಪತ್ರೆಯ ಭಾಗ. ಭಾನುವಾರ ಬಾಗಿಲು ಹಾಕಿಕೊಂಡು ಕೇಳಿದೆ. ಕುಂಬಾರತಿಗೆ ವಯಸ್ಸಾಗಿತ್ತು. ತಂಗಿಯ ಊರಿಗೆ ಮದುವೆಗೆ ಹೋದಳು. ಸೋದರಮಾವ ಅಲ್ಲಿಗೆ ಒಬ್ಬನೇ ಬಂದಿದ್ದ. ಇಬ್ಬರೂ ಬಾವಿಯ ಹತ್ತಿರ ನಿಂತರು, ಹುಡುಗಿಯ ಹೆಸರು ಎತ್ತಲಿಲ್ಲ. ಇದನ್ನು ಅವರು ನನಗೆ ಹೇಗೆ ಹೇಳುತ್ತಿದ್ದರು? ಮಾವ ಒಬ್ಬನೇ ಬಂದದ್ದಕ್ಕೆ ಏನು ಕಾರಣ ಕೊಡುತ್ತಿದ್ದರು? ಬಾಳ ಐತಿ, ಈಗ ಬ್ಯಾಡ ಎಂದದ್ದು ಇದಕ್ಕೇ ಇರಬೇಕು. ಜ್ವರದಲ್ಲಿ ಮಲಗಿಕೊಂಡು ಆ ಹುಡುಗಿಯನ್ನು ಮಾವನ ಮನೆಯಿಂದ ಹೇಗೆ ಕರೆತರುವುದು ಎಂದು ಯೋಚಿಸುತ್ತಿದ್ದರು.

ಇಷ್ಟು ದಿನ ನಾನು ಕಾಯ್ದದ್ದು ಡಬ್ಬಿಯಲ್ಲಿ ಇರಲೇ ಇಲ್ಲ. ಅಲ್ಲಿದ್ದದ್ದು ಪುಸ್ತಕ. ಅವರು ಹೇಳಬೇಕೆಂದಿದ್ದದ್ದು ಅವರ ಜೊತೆ ಹೋಗಿತ್ತು.

ಡಬ್ಬಿಯ ಪರದೆಯ ಮೇಲಿದ್ದ ಅಧ್ಯಾಯ ಬಂದಾಗ ನಿಲ್ಲಿಸಿದೆ. ಇನ್ನು ಸ್ವಲ್ಪವೇ ಉಳಿದಿದೆ, ಕೇಳಿ ಮುಗಿಸಿಬಿಡಿ ಎಂದು ಮೇಡಂ ಎಷ್ಟೋ ಸಲ ಹೇಳಿದ್ದಾರೆ. ನನ್ನ ಮನೆಯವರಿಗೆ ಗೊತ್ತಾಗದ ಕೊನೆ ನನಗೊಬ್ಬಳಿಗೆ ಗೊತ್ತಾಗುವುದು ಬೇಡ ಎನ್ನಿಸುತ್ತದೆ. ಇಂದಿಗೂ ಕೇಳಿಲ್ಲ.

ಅವರು ಹೋದ ಮೇಲೆ ನಾನು ಹಿಂದಿನ ಗೇಟಿನಿಂದ ಓಡಾಡುತ್ತಿದ್ದೆ. ಒಂದು ದಿನ ಆ ಗೇಟಿಗೆ ಬೀಗ ಹಾಕಿದ್ದರು, ರಸ್ತೆ ಅಗೆದಿದ್ದರು. ಮುಂದಿನ ಗೇಟಿನಿಂದಲೇ ಬರಬೇಕಾಯಿತು. ಟೀ ಅಂಗಡಿಯವರು ನನ್ನನ್ನು ಕಂಡು ಟೀ ಸೋಸಿ ಕೊಟ್ಟರು. ಬೇಡ ಎನ್ನಲಾಗಲಿಲ್ಲ. ಗಿರಾಕಿಗಳು ಕಡಿಮೆಯಾದ ಮೇಲೆ ಹತ್ತಿರ ಬಂದರು.

"ಕೇಳ್ಬಾರ್ದು ಅಕ್ಕ, ತಪ್ಪು ತಿಳ್ಕೋಬೇಡಿ. ಆ ಹುಡುಗಿ... ಮಾವನ್ ಮನೆಯಿಂದ ವಾಪಸ್ ಬಂದ್ಲಾ?"

ನಾನು ಲೋಟ ಕೆಳಗಿಟ್ಟೆ.

"ಬಂದ್ಲಣ್ಣ," ಎಂದೆ.

"ಹೌದಾ! ಕಾಲು?"

"ಸ್ವಲ್ಪ ಕುಂಟತಾಳ. ಮದವಿಗೆ ಬಂದಿದ್ಲು, ಮಾವನ ಜೋಡಿ. ಎತ್ತರ ಆಗಿದ್ಲು. ಅವ್ವ ಬಾವಿ ಕಟ್ಟಿ ಮ್ಯಾಲ ಕುಂತಿದ್ಲು, ಗುರ್ತ ಹಿಡೀಲಿಲ್ಲ. ಯಾರವ್ವಾ ನೀ, ಸ್ವಲ್ಪ ನೀರು ಜಗ್ಗಿಕೊಡು ಅಂದ್ಲು."

"ಅಯ್ಯೋ! ಆಮೇಲೆ?"

"ಹಸಿರು ಸೀರಿ ಉಟ್ಟಿದ್ಲಣ್ಣ ಹುಡುಗಿ. ಮಾವ ಕೊಡಿಸಿದ್ದು," ಎಂದೆ. ಬಿಂದಿಗೆ ತುಂಬಿದ್ದನ್ನೂ ಹೇಳಿದೆ. ಅದನ್ನು ಎತ್ತಿ ಕೊಡುವಾಗ ಅವ್ವ ಹುಡುಗಿಯ ಕೈ ನೋಡಿದಳು ಎಂದು ಹೇಳಲು ಹೋದೆ, ಅಲ್ಲಿಗೆ ನಿಲ್ಲಿಸಿಬಿಟ್ಟೆ. ಟೀ ಅಂಗಡಿಯವರು ಆ ಕಡೆ ತಿರುಗಿ ಲೋಟಗಳನ್ನು ತೊಳೆಯತೊಡಗಿದರು, ತೊಳೆದಿದ್ದವನ್ನೇ. ನಾನು ಮತ್ತೆ ಹೇಳಲು ಶುರು ಮಾಡುವ ತನಕ ಕಾದರು.